ಒಂದು ಬದಿ ಖಾಲಿ ಇದ್ದ ಹಾಳೆ

ಹಾಳೆಯ ಎರಡೂ ಬದಿ ಬಳಸಬೇಕು, ಕಚೇರಿಯೊಳಗೆ ಪ್ಲಾಸ್ಟಿಕ್ ಬರಕೂಡದು, ಹಸಿ ಕಸ ಒಣ ಕಸ ಬೇರೆಯಾಗಬೇಕು ಎಂದು ಮೇಲಿನಿಂದ ಹುಕುಂ ಬಂದ ದಿನ ನಮ್ಮ ಆಫೀಸಿನಲ್ಲಿ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ನಾನು. ಇವತ್ತಿಗೂ ಅದು ನೆನಪಾದರೆ ಮೈ ಉರಿಯುತ್ತದೆ. ಸಿಟ್ಟು ಅರ್ಧ ಸಾಹೇಬರ ಮೇಲೆ, ಅರ್ಧ ನನ್ನ ಮೇಲೆ. ಯಾವ ಅರ್ಧ ದೊಡ್ಡದು ಎಂದು ಕೇಳಿದರೆ ದಿನಕ್ಕೊಂದು ಉತ್ತರ ಕೊಟ್ಟೇನು.

ನಮ್ಮದು ಆದಿವಾಸಿಗಳ ಕೆಲಸಕ್ಕೆಂದೇ ಇರುವ ಸರ್ಕಾರಿ ಕಚೇರಿ. ಮುಂಬಯಿಯ ಯಾವ ಉಪನಗರದಲ್ಲಿದೆ ಎಂದು ಹೇಳುವುದಿಲ್ಲ. ಮುಂಬಯಿಯಲ್ಲಿ ಎಲ್ಲಿಯ ಆದಿವಾಸಿಗಳು ಎಂದು ನಗುವವರು ನನ್ನ ನೆಂಟರಲ್ಲೇ ಇದ್ದಾರೆ. ಬಿಲ್ಡಿಂಗುಗಳ ಬೆನ್ನಿಗೆ ಕಾಡು ಶುರುವಾಗುವಲ್ಲಿ ಅವರ ಪಾಡಾಗಳಿವೆ. ಹತ್ತಿಪ್ಪತ್ತು ಮನೆಗಳ ಹಾಡಿಗಳು. ಬಿಲ್ಡಿಂಗು ಬರುವುದಕ್ಕೆ ಮೊದಲಿನಿಂದಲೂ ಅಲ್ಲೇ ಇದ್ದಾರೆ. ಅವರು ಅವರೇ ಹೌದು ಎಂದು ಬರೆದು ಮುದ್ರೆ ಒತ್ತುವುದು ನಮ್ಮ ಕೆಲಸ. ನಾನು ಆವಕ-ಜಾವಕದ ಮೇಜಿನವಳು. ಒಳಬರುವ, ಹೊರಹೋಗುವ ಕಾಗದಕ್ಕೆಲ್ಲ ನಂಬರು ಹಾಕುವವಳು.

ನಾನು ಹಿಗ್ಗಿದ್ದು ಯಾಕೆಂದರೆ ಆ ಹುಕುಮಿನಲ್ಲಿದ್ದ ಬುದ್ಧಿಯನ್ನೆಲ್ಲ ನನ್ನ ಅಜ್ಜಿ ನನಗೆ ಎಂದೋ ಕಲಿಸಿ ಮುಗಿಸಿದ್ದಳು. ವಿಜಾಪುರದ ಕಡೆಯಿಂದ ಕಲ್ಲು ಹೊರಲು ಬಂದು ಭಾಂಡುಪಿನ ಗುಡ್ಡದ ಚಾಳಿನಲ್ಲಿ ನೆಲೆ ನಿಂತವಳು ಆಕೆ. ನನ್ನ ಶಾಲೆಯೆಲ್ಲ ಮರಾಠಿ. ಕನ್ನಡ ಬಂದದ್ದು ಅಜ್ಜಿಯಿಂದ, ನಲ್ಲಿಯ ಮುಂದೆ ಕೊಡ ಇಟ್ಟುಕೊಂಡು ಜಗಳಾಡುತ್ತಿದ್ದ ಅವಳ ವಾರಗೆಯ ಮುದುಕಿಯರಿಂದ. ಅಕ್ಷರ ತಿದ್ದಿಸಿದ್ದು ಪಕ್ಕದ ಖೋಲಿಯ ಅಜ್ಜ, ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ. ಅಜ್ಜಿ ಹಾಲಿನ ಪ್ಲಾಸ್ಟಿಕ್ ಥೈಲಿಗಳನ್ನು ಸಹ ತೊಳೆದು ಹಗ್ಗದ ಮೇಲೆ ಬಟ್ಟೆಯ ಹಾಗೆ ಒಣಹಾಕುತ್ತಿದ್ದಳು. ಚಾಳಿನವರು ನಕ್ಕರೆ, “ಚೆಲ್ಲಾಕ ಏನಾಗೇತಿ ಅದಕ್ಕ? ನಿಮಗಿಂತ ಗಟ್ಟಿ ಐತಿ” ಅನ್ನುತ್ತಿದ್ದಳು.

ಅಂಥವಳ ಮೊಮ್ಮಗಳು ನಾನು. ಸಾಹೇಬರು ಹಸಿರು ಕಚೇರಿ ಸಮಿತಿಗೆ ನನ್ನನ್ನೇ ಕಾರ್ಯದರ್ಶಿ ಮಾಡಿದರು. ನಾನು ಸುಮ್ಮನೆ ಕೂರಲಿಲ್ಲ. ಕಪಾಟಿನ ಮೇಲೆ ಧೂಳು ತಿನ್ನುತ್ತಿದ್ದ ಹಳೆಯ ಅರ್ಜಿಗಳ ಕಟ್ಟು ಇಳಿಸಿದೆ. ಯಾವುದೋ ಒಂದು ಕಾಗದ ಕಡಿಮೆಯಾಯಿತೆಂದು ‘ನಿಕಾಲಿ’ ಎಂದು ಬರೆದು ಮುಚ್ಚಿದ ಅರ್ಜಿಗಳು ಅವು. ಅವುಗಳಲ್ಲಿ ಇದ್ದದ್ದೆಲ್ಲ ಜೆರಾಕ್ಸ್. ಒಂದು ಬದಿ ಖಾಲಿ. ಹಾಳೆಗಳನ್ನು ಅಡ್ಡಕ್ಕೆ ಎರಡು ಭಾಗ ಕತ್ತರಿಸಿ, ಡಬ್ಬಣದಿಂದ ತೂತು ಹೊಡೆದು, ಫೈಲಿನ ಲೇಸು ಪೋಣಿಸಿ ಪ್ಯಾಡು ಮಾಡಿದೆ. ಮೇಜಿಗೊಂದು ಹಂಚಿದೆ. ಗೇಟಿನಲ್ಲಿ ಪ್ಲಾಸ್ಟಿಕ್ ತೆಗೆದುಕೊಂಡು ಬದಲಿಗೆ ಬಟ್ಟೆ ಚೀಲ ಕೊಡಬೇಕು ಎಂಬ ನಿಯಮವನ್ನೂ ನನ್ನ ಕೈಯಾರೆ ಬರೆದು ಅಂಟಿಸಿದೆ. ತಪಾಸಣೆಗೆ ಬಂದವರು ಪ್ಯಾಡು ತಿರುವಿ ನೋಡಿ ಶಭಾಷ್ ಎಂದರು. ಅವರಿಗೆ ಸಾಹೇಬರು ಕೊಟ್ಟ ಹೂಗುಚ್ಛಕ್ಕೆ ಸುತ್ತಿದ್ದು ಮಿರಿಮಿರಿ ಪ್ಲಾಸ್ಟಿಕ್. ಅದನ್ನು ಗೇಟಿನಲ್ಲಿ ಯಾರೂ ಹಿಡಿಯಲಿಲ್ಲ. ನಾನೂ ಕಂಡು ಕಾಣದ ಹಾಗೆ ಚಪ್ಪಾಳೆ ತಟ್ಟಿದೆ.

ಜುಲೈ ತಿಂಗಳು, ಮಳೆ ಮೂರು ದಿನದಿಂದ ಹಿಡಿದು ಬಿಟ್ಟಿರಲಿಲ್ಲ. ಒಬ್ಬ ಹೆಂಗಸು ಮಗಳ ಜೊತೆ ನನ್ನ ಕಿಟಕಿಗೆ ಬಂದಳು. ಕಾಡಿನಂಚಿನ ಪಾಡಾದವಳು, ಬಿಲ್ಡಿಂಗುಗಳಲ್ಲಿ ಪಾತ್ರೆ ತೊಳೆಯುವವಳು. ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿತ್ತು. ಪಂಗಡದ ಸರ್ಟಿಫಿಕೇಟು ತಿಂಗಳ ಕೊನೆಯೊಳಗೆ ಕೊಡದಿದ್ದರೆ ಸೀಟು ಹೋಗುತ್ತದೆ. ಬಟ್ಟೆ ಚೀಲದಿಂದ ಕಾಗದ ತೆಗೆದು ಕಿಟಕಿಯ ಮೇಲಿಟ್ಟಳು. ಕಾಗದದಿಂದ ನೀರು ಇಳಿಯುತ್ತಿತ್ತು.

ಆಕೆ ಮಾತಾಡಿದ್ದು ಮರಾಠಿ. ನನ್ನನ್ನು ಕರೆದ ‘ಬಾಯಿ’ ಒಂದು ಬಿಟ್ಟು ಉಳಿದದ್ದೆಲ್ಲ ನನ್ನ ನೆನಪಿನಲ್ಲಿ ಅಜ್ಜಿಯ ಕನ್ನಡದಲ್ಲೇ ಕೂತಿದೆ.

“ಬಾಯಿ, ಇದನ್ನ ಮೂರು ಥೈಲ್ಯಾಗ ಸುತ್ತಿ ತಂದಿದ್ದೆ. ಗೇಟಿನ್ಯಾಗ ಕಸಗೊಂಡ್ರು. ಈ ಚೀಲ ಕೊಟ್ರು. ಅಂಗಳದಾಗ ಅರ್ಧ ತಾಸು ಪಾಳಿ ನಿಂತ್ವಿ.”

ಅದು ಆಕೆಯ ಗಂಡನ ಅಜ್ಜ ಕಾಡಿನಲ್ಲಿ ಸರ್ಕಾರಿ ಕೂಲಿಯಾಗಿದ್ದಾಗ ಅರಣ್ಯ ಇಲಾಖೆಯವರು ಅವನಿಗೆ ಕೊಟ್ಟ ಕೈಬರಹದ ಪತ್ರ. ಹೆಸರು, ಪಾಡಾ, ಪಂಗಡ, ಕೆಳಗೆ ಸಹಿ. ಆ ಮನೆತನದಲ್ಲಿದ್ದ ಹಳೆಯ ಕಾಗದ ಅದೊಂದೇ. ಹೆಸರು ಉಳಿದಿತ್ತು. ಪಂಗಡ ಬರೆದಿದ್ದ ಜಾಗದಲ್ಲಿ ನೀಲಿ ಶಾಯಿ ಕದಡಿ ಹರಡಿತ್ತು. ಪತ್ರವನ್ನು ಮೂರು ತಲೆಮಾರು ಸೋರುವ ಮನೆಯಲ್ಲಿ ಕಾಪಾಡಿಕೊಂಡಿದ್ದರು. ನಮ್ಮ ಅಂಗಳದಲ್ಲಿ ಅರ್ಧ ತಾಸು ಸಾಕಾಯಿತು.

ಸಾಹೇಬರು ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು. “ಓದಲಿಕ್ಕೆ ಬರುವುದಿಲ್ಲ. ಅಸ್ಪಷ್ಟ ಎಂದು ಬರೆದು ವಾಪಸ್ ಕೊಡಿ.”

“ಸಾಹೇಬ, ಒದ್ದೆಯಾಗಿದ್ದು ನಮ್ಮ ಗೇಟಿನಲ್ಲಿ.”

“ಮಳೆ ನಮ್ಮ ಇಲಾಖೆಯದೇನು ಮ್ಯಾಡಮ್?” ಎಂದು ತಮ್ಮ ಜೋಕಿಗೆ ತಾವೇ ನಕ್ಕರು.

ಗೇಟಿಗೆ ಓಡಿದೆ. ಅಲ್ಲಿಯ ವಾಚ್‌ಮನ್ ನಮ್ಮ ವಿಜಾಪುರದ ಕಡೆಯವನೇ. ಎಲ್ಲರೂ ಹವಾಲ್ದಾರ ಅನ್ನುತ್ತಾರೆ, ಆದರೆ ಗುತ್ತಿಗೆಯ ಆಳು. ರೇಗಿದೆ. “ಕಣ್ಣು ಕಾಣಿಸೋದಿಲ್ಲೇನೋ? ಮಳಿ ಸುರೀತೈತಿ, ಹಳೀ ಕಾಗದ, ಅದರ ಥೈಲಿ ಕಸಗೋತಿ?”

“ನಂಗ್ಯಾಕ ಬೈತೀರಿ ಅಕ್ಕಾರ? ನೋಡ್ರಿ ಇಲ್ಲಿ.” ಗೋಡೆಯ ಮೇಲಿನ ನನ್ನ ಬರಹದ ಕಡೆ ಕೈ ಮಾಡಿದ. “ನಿಮ್ಮ ಅಕ್ಷರ ಹೌದಲ್ರಿ? ಯಾರಿಗೂ ಬಿಡಬಾರದು ಅಂತ ನೀವ ಬರದೀರಿ. ಕೆಳಗ ಎರಡು ಗೆರಿ ಬ್ಯಾರೆ ಎಳದೀರಿ.”

ಎರಡು ಗೆರೆ ನಿಜ.

ವಾಪಸು ಬಂದಾಗ ಹೆಂಗಸು ಹೇಳಿದಳು: “ಹೋದ ವರ್ಷನೂ ಅರ್ಜಿ ಹಾಕಿದ್ವಿ ಬಾಯಿ. ಒಂದು ಕಾಗದ ಕಡಿಮಿ ಅಂತ ಬ್ಯಾಡಂದ್ರಿ. ಆವಾಗ ಇದನ್ನ ನೋಡಿ, ಜೆರಾಕ್ಸಿನ ಮ್ಯಾಲ ಸಿಕ್ಕಾ ಹೊಡದಿದ್ರಿ.”

ಜೀವ ಬಂದ ಹಾಗಾಯಿತು. ಮೂಲ ಪ್ರತಿಯೊಂದಿಗೆ ತಾಳೆ ನೋಡಲಾಗಿದೆ ಎಂಬ ಮುದ್ರೆ ಬಿದ್ದ ಜೆರಾಕ್ಸ್ ಇದ್ದರೆ ಮೂಲ ಹಾಳಾದರೂ ಕೆಲಸ ನಡೆಯುತ್ತದೆ. ಮುದ್ರೆ ಇಲ್ಲದ ಜೆರಾಕ್ಸಿಗೆ ನಮ್ಮಲ್ಲಿ ಕಿಮ್ಮತ್ತಿಲ್ಲ. ರಿಜಿಸ್ಟರು ತೆಗೆದೆ. ಅವಳ ಗಂಡನ ಹೆಸರು, ಅರ್ಜಿಯ ನಂಬರು, ಮುಂದೆ ನನ್ನದೇ ಅಕ್ಷರದಲ್ಲಿ ‘ನಿಕಾಲಿ’. ಆಮೇಲೆ ಹೊಳೆಯಿತು. ನಿಕಾಲಿಯ ಕಟ್ಟುಗಳೆಲ್ಲ ಈಗ ಪ್ಯಾಡು. ಆ ಮುದ್ರೆಯ ಹಾಳೆಯನ್ನು ನಾನೇ ಎರಡು ತುಂಡು ಮಾಡಿ ಹಂಚಿಬಿಟ್ಟಿದ್ದೇನೆ.

“ನಾಳೆ ಬನ್ನಿ ಮಾವಶಿ” ಎಂದು ಕಳಿಸಿ ಮೇಜು ಮೇಜು ತಿರುಗಿದೆ.

“ಏನು ಮ್ಯಾಡಮ್, ಕೊಟ್ಟ ಪ್ಯಾಡು ವಾಪಸ್ ಕೇಳ್ತಿದ್ದೀರಿ? ಮೂರನೇ ಬದಿಯೂ ಬಳಸಬೇಕೇನು?” ಎಂದು ಲೆಕ್ಕಪತ್ರದವರು ಕೇಳಿದರು. ಎಲ್ಲರೂ ನಕ್ಕರು. ನಾನು ಹಾಳೆ ಮಗುಚುತ್ತಲೇ ಇದ್ದೆ. ಒಂದು ಬದಿಗೆ ಚಹಾದ ಪಟ್ಟಿ, ಇನ್ನೊಂದು ಬದಿಗೆ ಯಾರದೋ ತಾತನ ಶಾಲೆಯ ದಾಖಲೆ. ಒಂದು ಬದಿಗೆ ಹುಟ್ಟುಹಬ್ಬಕ್ಕೆ ಕೇಕು ತರಬೇಕಾದವರ ಹೆಸರು, ಇನ್ನೊಂದು ಬದಿಗೆ ಒಂದು ಮಗುವಿನ ಜನನದ ದಾಖಲೆ. ಅಷ್ಟು ದಿನ ಅದನ್ನೇ ಕತ್ತರಿಸಿದವಳಿಗೆ ಆ ಬದಿ ಕಂಡಿರಲೇ ಇಲ್ಲ. ಖಾಲಿ ಇದ್ದ ಬದಿ ಮಾತ್ರ ಕಂಡಿತ್ತು.

ಮೇಲಿನ ಅರ್ಧ ಸಿಕ್ಕಿದ್ದು ಸಾಹೇಬರ ಸ್ವಂತ ಪ್ಯಾಡಿನಲ್ಲಿ. ಅದರಲ್ಲಿ ಹೆಸರೂ ಪಂಗಡವೂ ಸ್ಪಷ್ಟ ಇದ್ದವು. ಹಿಂಬದಿಯಲ್ಲಿ ಅವರು ಫೋನಿನಲ್ಲಿ ಮಾತಾಡುತ್ತ ಗೀಚಿದ ಹೂವು, ಬಳ್ಳಿ. ಮುದ್ರೆ ಇದ್ದ ಕೆಳಗಿನ ಅರ್ಧ ಮರುದಿನ ಬೆಳಿಗ್ಗೆ ಗೇಟಿನಲ್ಲಿ ಸಿಕ್ಕಿತು. ಹವಾಲ್ದಾರ ಅದರ ಹಿಂದೆ ಗಾಡಿಗಳ ನಂಬರು ಬರೆದಿಟ್ಟಿದ್ದ.

ಎರಡನ್ನೂ ಒಂದು ಬಿಳಿ ಹಾಳೆಯ ಮೇಲೆ ಜೋಡಿಸಿ ಅಂಟಿಸಿ ಒಯ್ದೆ. ಸಾಹೇಬರು ಈ ಸಲ ನಗಲಿಲ್ಲ. “ಹರಿದು ಅಂಟಿಸಿದ ಕಾಗದ ಯಾರು ಒಪ್ಪುತ್ತಾರೆ? ನಾಳೆ ನನ್ನ ತಲೆಗೆ ಬರುತ್ತದೆ.”

ಆಗ ನಾನು ಟಿಪ್ಪಣಿ ಬರೆಯಲು ಕೂತೆ. ಮೂಲ ಪತ್ರ ಹೋದ ವರ್ಷ ಇಡಿಯಾಗಿತ್ತು, ಈ ಕಚೇರಿ ಅದನ್ನು ಕಂಡಿದೆ, ಈ ವರ್ಷ ನಮ್ಮ ಗೇಟಿನ ನಿಯಮದಿಂದ ಒದ್ದೆಯಾಯಿತು, ಮುದ್ರೆಯ ಪ್ರತಿಯನ್ನು ಕತ್ತರಿಸಿದವಳು ನಾನು ಎಂದು ಬರೆದೆ. ಹವಾಲ್ದಾರ ಬಂದು ಹಿಂದೆ ನಿಂತ. “ನನ್ನ ಹೆಸರೂ ಹಾಕ್ರಿ ಅಕ್ಕಾರ. ಥೈಲಿ ಕಸಗೊಂಡಾಂವ ನಾನ.”

“ನಿನ್ನ ಗುತ್ತಿಗಿ ನಾಳೆ ಮುರೀತಾರ. ಸುಮ್ನ ಹೋಗು.”

“ನಿಮಗೇನ್ ಮಾಡ್ತಾರ?”

“ನನಗ ಬೈತಾರ” ಎಂದೆ. ಅಷ್ಟಕ್ಕೇ ಮುಗಿಯುತ್ತದೆ ಎಂಬ ಖಾತ್ರಿ ನನಗೂ ಇರಲಿಲ್ಲ.

ಸಾಹೇಬರು ಬಾಗಿಲು ಹಾಕಿಸಿ ಕೇಳಿದರು. “ಕಚೇರಿಯ ಮಾನ ಕಳೆಯುತ್ತೀರೇನು? ಟಿಪ್ಪಣಿ ಹಿಂದಕ್ಕೆ ತೆಗೆದುಕೊಳ್ಳಿ. ಆ ಹೆಂಗಸಿಗೆ ಮುಂದಿನ ವರ್ಷ ನೋಡೋಣ.” ಮುಂದಿನ ವರ್ಷ ಅನ್ನುವಾಗ ಅವರು ಗಡಿಯಾರ ನೋಡುತ್ತಿದ್ದರು, ಊಟದ ಹೊತ್ತಾಗಿತ್ತು. ನಾನು ಟಿಪ್ಪಣಿಗೆ ಆವಕ ನಂಬರು ಹಾಕಿಬಿಟ್ಟಿದ್ದೆ. ನಂಬರು ಬಿದ್ದ ಕಾಗದವನ್ನು ಸಾಹೇಬರೂ ನುಂಗಲಾರರು. ಅದೊಂದು ವಿದ್ಯೆ ನನಗೆ ಆ ಮೇಜು ಕಲಿಸಿತ್ತು.

ಫೈಲು ಮೇಲಕ್ಕೆ ಹೋಯಿತು. ಮೇಲಿನಿಂದ ಪ್ರಶ್ನೆ ಬಂತು, ಉತ್ತರ ಹೋಯಿತು, ಮತ್ತೆ ಪ್ರಶ್ನೆ ಬಂತು. ನನಗೊಂದು ನೋಟೀಸೂ ಬಂತು. ತಿಂಗಳು ಮುಗಿಯಿತು. ಸರ್ಟಿಫಿಕೇಟು ಬಂದಾಗ ಸೀಟು ಬೇರೆಯವರದಾಗಿತ್ತು.

ತೆಗೆದುಕೊಳ್ಳಲು ತಾಯಿ ಮಗಳು ಇಬ್ಬರೂ ಬಂದರು. “ಓದ್ರಿ ಬಾಯಿ, ಏನ್ ಬರದಾರ” ಎಂದಳು ತಾಯಿ. ಓದಿದೆ. ಇಂಥ ಮನೆತನದ ಇಂಥವಳು ಇಂಥ ಪಂಗಡದವಳೇ ಹೌದು.

“ಇದು ನಮಗ ಗೊತ್ತಿತ್ತಲ್ಲ” ಎಂದಳು. ಕೊಂಕು ಇರಲಿಲ್ಲ. ನಿಜವಾಗಿಯೂ ಅಷ್ಟೇನಾ ಎಂದು ಕೇಳಿದ ಹಾಗಿತ್ತು.

ಮಗಳು ಕೇಳಿದಳು: “ಮ್ಯಾಡಮ್, ನೀವು ಆ ನೋಟ್ ಬರೀದೆ ಇದ್ದಿದ್ರೆ ಬೇಗ ಬರ್ತಿತ್ತಾ?”

ಇಲ್ಲ, ಅರ್ಜಿಯೇ ತಿರಸ್ಕಾರವಾಗುತ್ತಿತ್ತು ಎನ್ನಲು ಹೊರಟೆ. ಅದು ನನ್ನನ್ನು ನಾನು ಸಮಾಧಾನ ಮಾಡಿಕೊಳ್ಳುವ ಮಾತು. ಸಾಹೇಬರ ಕಾಲು ಹಿಡಿದಿದ್ದರೆ ಆಗುತ್ತಿತ್ತೋ ಏನೋ. “ಗೊತ್ತಿಲ್ಲ” ಎಂದೆ.

ಹುಡುಗಿ ಜಾವಕ ರಿಜಿಸ್ಟರನ್ನು ತನ್ನ ಕಡೆ ತಿರುಗಿಸಿಕೊಂಡು ಸಹಿ ಹಾಕಿದಳು. ಸಹಿಯ ಪಕ್ಕದಲ್ಲಿ ಶೇರಾ ಎಂಬ ಒಂದು ಅಂಕಣವಿದೆ, ಏನಾದರೂ ಹೇಳುವುದಿದ್ದರೆ ಬರೆಯಲು. ನನ್ನ ನೌಕರಿಯಲ್ಲಿ ಅದರಲ್ಲಿ ಯಾರೂ ಏನೂ ಬರೆದದ್ದಿಲ್ಲ. ಹುಡುಗಿ ದುಂಡಗೆ ಬರೆದಳು: ‘ತಡವಾಗಿ ಸಿಕ್ಕಿತು. ಸೀಟು ಹೋಯಿತು.’ ಪೆನ್ನು ಮುಚ್ಚಿ ನನ್ನ ಕೈಗೇ ಕೊಟ್ಟಳು. ತಾಯಿಯ ಕೈ ಹಿಡಿದು ಹೊರಟಳು.

ಸಂಜೆ ಸಾಹೇಬರು ರಿಜಿಸ್ಟರು ತರಿಸಿಕೊಂಡು ಆ ಸಾಲು ಹೊಡೆದುಹಾಕಿ ಎಂದರು. ನೀವೇ ಹೊಡೆದು ಸಹಿ ಹಾಕಿ ಸಾಹೇಬ ಎಂದು ಪೆನ್ನು ಮುಂದಿಟ್ಟೆ. ಅವರು ಪೆನ್ನು ಮುಟ್ಟಲಿಲ್ಲ. ಸಾಲು ಹಾಗೇ ಇದೆ.