ತಪ್ಪು ಹುಡುಕಿದವರು

ವಾರವಾರವೂ ಹೊಸಬರು ಸೇರುತ್ತಿದ್ದ, ಯಾರ ಪರಿಚಯ ಯಾರಿಗೂ ಇಲ್ಲದ ಹೈದರಾಬಾದಿನ ಆಫೀಸು. ನಮ್ಮ ಕಂಪನಿಯದೇ ಪ್ರೋಗ್ರಾಮಿಂಗ್ ಭಾಷೆಯ ಕೈಪಿಡಿಯಲ್ಲಿ ತಪ್ಪು ಹುಡುಕಿ ತಿದ್ದುವುದು ನನ್ನ ಕೆಲಸ. ಪಟ್ಟಿಯ ಹೊಸ ಪ್ರತಿ ಮಾಡುವ ಕಮಾಂಡ್ ಹಳೆಯದನ್ನು ಮುಟ್ಟುವುದಿಲ್ಲ ಎಂದು ಒಂದು ಪುಟದಲ್ಲಿತ್ತು. ಮಾಡಿ ನೋಡಿದರೆ ಹಳೆಯದು ಅಳಿಸಿಹೋಗುತ್ತಿತ್ತು. ಆದರೆ ಆ ಪುಟ ಬರೆದವರು ನಮ್ಮ ಮುಖ್ಯಸ್ಥರೇ. ಅವರಿಗೆ ಹೇಳುವ ಧೈರ್ಯ ಸಾಲದೆ, ನಾಳೆ ನಾಳೆ ಅಂತ ಮೂರು ವಾರ ಕಳೆದೆ.

ಅಷ್ಟರಲ್ಲಿ ಪಕ್ಕದ ಟೀಮಿನ ಶರಣಪ್ಪ, ಗುಲ್ಬರ್ಗದ ಕಡೆಯವರು, ಆ ಪುಟವನ್ನೇ ನಂಬಿ ಪ್ರೋಗ್ರಾಂ ಬರೆದರು. ಗ್ರಾಹಕರ ಪಟ್ಟಿಯೆಲ್ಲ ಅಳಿಸಿಹೋಯಿತು, ಶರಣಪ್ಪನವರ ಕೆಲಸವೂ ಹೋಯಿತು. ಅವತ್ತು ಮಿಯಾಪುರದ ಬಸ್ಸಿಗೆ ಕಾಯುವಾಗ ಕೇಳಿದರು:

"ಬುಕ್ಕಿನಾಗ ಹಂಗ ಬರದಿತ್ತಲ್ರಿ ಮೇಡಂ. ತಪ್ಪು ಐತಿ ಅಂತ ನಿಮಗೂ ಗೊತ್ತಿದ್ದಿಲ್ಲೇನ್ರಿ?"

"ಇಲ್ಲ" ಅಂದೆ.

"ಹೋಗ್ಲಿ ಬಿಡ್ರಿ. ನೀವರ ಒಬ್ರ ಎಷ್ಟಂತ ನೋಡ್ತೀರಿ?" ಅಂತ ನನಗೇ ಸಮಾಧಾನ ಹೇಳಿ ಬಸ್ಸು ಹತ್ತಿದರು.

ಮರುದಿನ ತಿದ್ದುಪಡಿ ಕಳಿಸಿದೆ. ಫಾರ್ಮಿನಲ್ಲಿ 'ತಪ್ಪು ಹುಡುಕಿದವರು' ಎಂಬಲ್ಲಿ ನನ್ನ ಹೆಸರಿನ ಬದಲು ಶರಣಪ್ಪನವರ ಹೆಸರು ಬರೆದೆ. ಮುಖ್ಯಸ್ಥರಿಂದ ಕೂಡಲೇ ಇಮೇಲ್ ಬಂತು: 'ಭೇಷ್. ಇಂಥವರು ನಮ್ಮಲ್ಲಿರಬೇಕು. ಯಾವ ಟೀಮಿನವರು?'

ಅದಕ್ಕೂ ನಾನು ನಾಳೆ ಉತ್ತರ ಬರೆದರಾಯಿತು ಅಂದುಕೊಂಡೆ.