ನಾಲ್ಕು ತಟ್ಟೆ ರೇಷ್ಮೆ ಹುಳು

1981ನೇ ಇಸವಿಯ ಬೇಸಿಗೆ. ನಾನು ಬೆಂಗಳೂರಿನಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮೊದಲ ವರ್ಷ ಮುಗಿಸಿದ್ದೆ. ರಜೆಯಲ್ಲಿ ಆರು ವಾರ ಹೊರಗಡೆ ಎಲ್ಲಾದರೂ ಇದ್ದು ಒಂದು ಸಣ್ಣ ಸಂಶೋಧನೆ ಮಾಡಿ ಬರುವ ಅವಕಾಶ ನಮ್ಮ ತರಗತಿಯ ನಾಲ್ವರಿಗೆ ಸಿಕ್ಕಿತ್ತು. ಇಬ್ಬರಿಗೆ ಬೊಂಬಾಯಿಯ ಪ್ರಯೋಗಾಲಯ, ಒಬ್ಬನಿಗೆ ಮದರಾಸು. ನೋಟಿಸ್ ಬೋರ್ಡಿನಲ್ಲಿ ನನ್ನ ಹೆಸರಿನ ಮುಂದೆ ‘ಯಲ್ದೂರು, ಶ್ರೀನಿವಾಸಪುರ ತಾಲ್ಲೂಕು’ ಎಂದು ಬರೆದಿತ್ತು. ನನ್ನ ಊರು ಮಾಲೂರು. ಮನೆಯಿಂದ ಎರಡು ಬಸ್ಸು ಬದಲಾಯಿಸಿದರೆ ಸಿಗುವ ಜಾಗಕ್ಕೆ ಸಂಶೋಧನೆಗೆ ಹೋಗುವುದೆಂದರೆ ನನಗೆ ಒಂದು ರೀತಿ ಅವಮಾನವೇ ಆಯಿತು. ಆದರೂ ಆರು ವಾರ ಮುಗಿಸಿ ವರದಿ ಕೊಟ್ಟರೆ ಪ್ರಮಾಣಪತ್ರ ಸಿಗುತ್ತಿತ್ತು. ಮುಂದೆ ಪಿಎಚ್.ಡಿ.ಗೆ ಅರ್ಜಿ ಹಾಕುವಾಗ ಅದು ಬೇಕಿತ್ತು. ಒಪ್ಪಿಕೊಂಡೆ.

ಅಪ್ಪ ಮಾಲೂರಿನ ಒಂದು ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತರು. ಒಂದು ದಿನ ರಜೆ ಹಾಕಿ ನನ್ನನ್ನು ಕರೆದುಕೊಂಡು ಹೋಗಿ ಬಿಟ್ಟುಬಂದರು. ನಾನು ಉಳಿಯಬೇಕಿದ್ದದ್ದು ಯಲ್ದೂರಿನ ಹತ್ತಿರ ನಮ್ಮ ಪ್ರೊಫೆಸರರಿಗೆ ಪರಿಚಯವಿದ್ದ ನಾರಾಯಣಪ್ಪ, ಚೌಡಮ್ಮ ಎಂಬ ದಂಪತಿಯ ಮನೆಯಲ್ಲಿ. ಅವರದು ಎರಡು ತುಂಡು ಹಿಪ್ಪುನೇರಳೆ ತೋಟ, ಮನೆಗೆ ಸೇರಿದಂತೆ ಹುಳು ಸಾಕುವ ಒಂದು ಉದ್ದನೆಯ ಕೋಣೆ. ಗಂಡ ಹೆಂಡತಿ ತಮ್ಮ ತಮ್ಮಲ್ಲಿ ತೆಲುಗಿನಲ್ಲಿ ಮಾತನಾಡುತ್ತಿದ್ದರು, ನನ್ನೊಂದಿಗೆ ಕನ್ನಡ. ಚೌಡಮ್ಮನಿಗೆ ಆಗ ನಲವತ್ತರ ಆಸುಪಾಸು. ಶಾಲೆಗೆ ಹೋದವರಲ್ಲ. ಇದ್ದಷ್ಟು ದಿನವೂ ನನ್ನನ್ನು ಹೆಸರು ಹಿಡಿದು ಕರೆಯದೆ, ತೆಲುಗಿನಲ್ಲಿ ಹುಡುಗಿ ಎನ್ನುವ ‘ಅಮ್ಮಾಯಿ’ ಎಂದೇ ಕರೆದರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ.

ಮೊದಲ ದಿನವೇ ಕೇಳಿದರು, “ಮುಖಕ್ಕೆ ಸ್ನೋ, ಪೌಡರ್ ಏನಾದ್ರೂ ಹಚ್ಕೊಂತೀಯ ಅಮ್ಮಾಯಿ?”

“ಪೌಡರ್ ಹಾಕ್ಕೋತೀನಿ ಅಕ್ಕ.”

“ಇಲ್ಲಿರೋ ಗಂಟ ಬ್ಯಾಡ. ಹುಳ ಯಾವ ವಾಸ್ನೇನೂ ತಡೆಯಲ್ಲ. ಮಲ್ಲಿಗೆ ಹೂವೂ ಬ್ಯಾಡ. ಒಳೀಕ್ ಬರೋ ಮುಂಚೆ ಕೈಕಾಲು ತೊಳ್ಕೊಂಡು ಬಾ.”

ನನ್ನ ಕೆಲಸ ಸರಳವಾದದ್ದು. ಅವರ ಎರಡು ತೋಟಗಳಲ್ಲಿ ಮೇಲಿನದು ಬಯಲಿನಲ್ಲಿತ್ತು. ಕೆಳಗಿನದು ಮುನಿವೆಂಕಟಪ್ಪ ಎಂಬ ಹಿರಿಯರ ಮಾವಿನ ತೋಪಿಗೆ ಅಂಟಿಕೊಂಡಿತ್ತು, ಅರ್ಧ ದಿನ ಮರಗಳ ನೆರಳಲ್ಲೇ ಇರುತ್ತಿತ್ತು. ಬಿಸಿಲಿನ ಸೊಪ್ಪು ತಿಂದ ಹುಳುವಿಗೂ ನೆರಳಿನ ಸೊಪ್ಪು ತಿಂದ ಹುಳುವಿಗೂ ತೂಕದಲ್ಲಿ ಎಷ್ಟು ವ್ಯತ್ಯಾಸ ಬರುತ್ತದೆ ಎಂದು ನೋಡಬೇಕಿತ್ತು. ಅದಕ್ಕಾಗಿ ಹುಳು ಸಾಕುವ ಅವರ ಮೂವತ್ತು ಬಿದಿರಿನ ತಟ್ಟೆಗಳಲ್ಲಿ ನಾಲ್ಕನ್ನು ನನಗೆ ಬಿಟ್ಟುಕೊಟ್ಟರು. ಆ ನಾಲ್ಕಕ್ಕೆ ನಾನೇ ಕೆಳಗಿನ ತೋಟದಿಂದ ಸೊಪ್ಪು ಕೊಯ್ದು ಹಾಕಬೇಕು, ಉಳಿದವಕ್ಕೆ ಮೇಲಿನ ತೋಟದ ಸೊಪ್ಪು. ಪ್ರತಿದಿನ ಎರಡೂ ಬಗೆಯ ತಟ್ಟೆಗಳಿಂದ ಹತ್ತು ಹತ್ತು ಹುಳು ಎತ್ತಿ ಸಣ್ಣ ತಕ್ಕಡಿಯಲ್ಲಿ ತೂಗಿ ಪುಸ್ತಕದಲ್ಲಿ ಬರೆಯಬೇಕು.

ಹುಳುಗಳು ನಾಲ್ಕನೇ ಜ್ವರ ಕಳೆದು ಎದ್ದವು. ಹುಳು ತಿನ್ನುವುದು ಬಿಟ್ಟು ಪೊರೆ ಕಳಚುವುದಕ್ಕೆ ಅಲ್ಲಿ ಜ್ವರ ಅನ್ನುತ್ತಾರೆ. ಕೊನೆಯ ಜ್ವರ ಕಳೆದ ಮೇಲೆ ಅವುಗಳ ಹಸಿವು ಹೇಳತೀರದು. ಗೂಡು ಕಟ್ಟುವ ಮುಂಚಿನ ಆ ಏಳೆಂಟು ದಿನ ಮನೆಯವರಿಗೆ ಕೂತು ಊಟ ಮಾಡಲೂ ಹೊತ್ತಿರುವುದಿಲ್ಲ. ಮೇಲಿನ ತೋಟ ನಾಲ್ಕು ದಿನದಲ್ಲೇ ಬೋಳಾಯಿತು. ಉಳಿದದ್ದು ಕೆಳಗಿನ ತೋಟ ಮಾತ್ರ. ಐದನೇ ದಿನ ಮಧ್ಯಾಹ್ನದಿಂದ ಎಲ್ಲ ತಟ್ಟೆಗೂ ಅಲ್ಲಿಂದಲೇ ಸೊಪ್ಪು ಎಂದು ಚೌಡಮ್ಮ ಹೇಳಿದ್ದರು.

ನಾನು ಮಲಗುತ್ತಿದ್ದ ಮಂಚದಲ್ಲಿ ತಿಗಣೆ ಇದ್ದವು. ಮೈಯೆಲ್ಲಾ ದದ್ದು. ಹೇಳಿದರೆ ಅವರಿಗೆ ಬೇಜಾರಾದೀತೆಂದು ಹೇಳಿರಲಿಲ್ಲ. ಶ್ರೀನಿವಾಸಪುರಕ್ಕೆ ಹೋದಾಗ ಅಂಗಡಿಯಲ್ಲಿ ತಿಗಣೆ ಪುಡಿಯ ಒಂದು ಪೊಟ್ಟಣ ತಂದು ಪೆಟ್ಟಿಗೆಯಲ್ಲಿ ಬಚ್ಚಿಟ್ಟಿದ್ದೆ. ಆ ಐದನೇ ದಿನ ಬೆಳಿಗ್ಗೆ ಎದ್ದವಳೇ ಮಂಚವನ್ನು ಹಿತ್ತಿಲಿಗೆ ಎಳೆದು, ಸಂದುಸಂದಿಗೂ ಪುಡಿ ಉದುರಿಸಿದೆ. ಕೈಯನ್ನು ಚೆನ್ನಾಗಿಯೇ ತೊಳೆದುಕೊಂಡೆ. ಆಮೇಲೆ ಸೊಪ್ಪಿಗೆ ಹೊರಟಾಗ ಬುಟ್ಟಿ ಕಾಣಲಿಲ್ಲ. ಮಂಚದ ಮೇಲೆ ಬಿದ್ದಿದ್ದ ನನ್ನ ದೊಡ್ಡ ಟವೆಲ್ ತೆಗೆದುಕೊಂಡು ಹೋದೆ. ಅದರಲ್ಲೇ ಸೊಪ್ಪು ಕಟ್ಟಿ ತಂದು ನನ್ನ ನಾಲ್ಕು ತಟ್ಟೆಗೂ ಹಾಕಿದೆ.

ಹತ್ತು ಗಂಟೆಯ ಹೊತ್ತಿಗೆ ತೂಕ ಮಾಡಲು ಹೋದರೆ ಹುಳುಗಳು ತಲೆ ಆಡಿಸುತ್ತಿದ್ದವು. ಬಾಯಿಂದ ಹಸಿರು ನೀರು ಕಾರುತ್ತಿದ್ದವು. ಕೆಲವು ಆಗಲೇ ಮುದುರಿಕೊಂಡಿದ್ದವು. ನಾಲ್ಕು ತಟ್ಟೆಯಲ್ಲೂ ಅದೇ. ಪಕ್ಕದ ತಟ್ಟೆಗಳಲ್ಲಿ ಏನೂ ಆಗಿರಲಿಲ್ಲ.

ಚೌಡಮ್ಮ ಬಂದು ಒಂದು ಹುಳುವನ್ನು ಅಂಗೈ ಮೇಲಿಟ್ಟುಕೊಂಡು ನೋಡಿದರು. “ಇದು ರೋಗ ಅಲ್ಲ, ಇಸ,” ಎಂದರು. ನಾಲ್ಕು ತಟ್ಟೆಯನ್ನೂ ತಕ್ಷಣ ಹೊರಗೆ ಸಾಗಿಸಿದರು. “ಯಾವ ಸಾಲಿನ ಸೊಪ್ಪು ಕೊಯ್ದೆ?”

“ತೋಪಿನ ಪಕ್ಕದ್ದು ಅಕ್ಕ.”

ನಾರಾಯಣಪ್ಪನವರ ಮುಖ ಬಿಗಿಯಿತು. “ನೆನ್ನೆ ಆಯಪ್ಪ ಮಾವಿನ ಮರಕ್ಕೆ ಔಷ್ದಿ ಹೊಡೆಸ್ತಿದ್ನಲ್ಲ. ಗಾಳೀಗೆ ನಮ್ ಸೊಪ್ಪಿನ ಮ್ಯಾಲೆ ಬಿದ್ದೈತೆ,” ಎಂದವರೇ ತೋಪಿನ ಕಡೆ ಹೊರಟುಬಿಟ್ಟರು. ಚೌಡಮ್ಮ ಹಿಂದೆಯೇ ಹೋದರು, ನಾನೂ ಹೋಗಬೇಕಾಯಿತು.

ಹಿತ್ತಿಲು ದಾಟುವಾಗ ಹಗ್ಗದ ಮೇಲೆ ನೇತು ಹಾಕಿದ್ದ ಟವೆಲ್ ಕಣ್ಣಿಗೆ ಬಿತ್ತು. ಅದರ ಮಡಿಕೆಗಳಲ್ಲಿ ಬಿಳಿ ಪುಡಿ ಎದ್ದು ಕಾಣುತ್ತಿತ್ತು. ನನಗೆ ಆಗಲೇ ಎಲ್ಲ ಗೊತ್ತಾಯಿತು. ಆದರೂ ಬಾಯಿ ಬಿಡದೆ ಅವರ ಹಿಂದೆ ನಡೆದೆ.

ಮುನಿವೆಂಕಟಪ್ಪನವರು ಬಾವಿಯ ಹತ್ತಿರ ಪಂಪು ಚಾಲೂ ಮಾಡಿ ನಿಂತಿದ್ದರು. ಈ ದಂಪತಿಯ ಹಿಪ್ಪುನೇರಳೆಗೆ ಹೋಗುತ್ತಿದ್ದ ನೀರು ಅವರ ಬಾವಿಯದೇ. ಅದು ಗೊತ್ತಿದ್ದೂ ನಾರಾಯಣಪ್ಪ ದನಿ ಏರಿಸಿದರು. “ನಾಲ್ಕ್ ತಟ್ಟೆ ಹುಳ ಸತ್ತೋಯ್ತು. ಹೊಡೆಸೋ ಮುಂಚೆ ಒಂದ್ ಮಾತು ಹೇಳ್ಬಾರ್ದಾ?” ಎಂದರು.

ಆ ಹಿರಿಯರು, “ನಾನು ಹೊಡೆಸಿದ್ದು ರಸ್ತೆ ಕಡೆ ಮರಕ್ಕೆ ಕಣಯ್ಯ. ಈ ಕಡೆ ಒಂದ್ ಮರಾನೂ ಮುಟ್ಟಿಲ್ಲ,” ಎಂದರು.

“ಗಾಳೀಗೆ ಆ ಕಡೆ ಈ ಕಡೆ ಅಂತ ಇರ್ತದಾ?”

“ಇಷ್ಟು ವರ್ಷದಲ್ಲಿ ನಿಮ್ಗೆ ಕೇಡು ಬಯಸಿದೀನಾ ನಾನು?”

ನಾನು ಚೌಡಮ್ಮನ ಹಿಂದೆ ನಿಂತು ಕೇಳುತ್ತಿದ್ದೆ. ಆಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದನ್ನು ಇಂದು ಮುಚ್ಚಿಡುವುದಿಲ್ಲ. ವಿಷದ ಸಿಂಪರಣೆಯಿಂದ ಪ್ರಯೋಗ ಹಾಳಾಯಿತು ಎಂದು ವರದಿಯಲ್ಲಿ ಬರೆದರೆ ನನ್ನ ತಪ್ಪಿಲ್ಲ, ಪ್ರಮಾಣಪತ್ರ ಹೇಗೂ ಸಿಗುತ್ತದೆ ಎಂದುಕೊಳ್ಳುತ್ತಿದ್ದೆ. ಆ ವಾಕ್ಯವನ್ನು ಹೇಗೆ ಬರೆಯಬೇಕೆಂದು ಕೂಡ ಜೋಡಿಸಿಕೊಂಡಿದ್ದೆ.

ಜಗಳ ನಿಲ್ಲದೆಯೇ ಮನೆಗೆ ವಾಪಸ್ ಬಂದೆವು. ನಾರಾಯಣಪ್ಪ ಕೆಳಗಿನ ತೋಟದ ಒಂದೆಲೆಯನ್ನೂ ಮುಟ್ಟಕೂಡದೆಂದರು. ಬೇರೆ ಸೊಪ್ಪು ಎಲ್ಲಿದೆ? ಬೇಸಿಗೆಯಲ್ಲಿ ಯಾರ ಬಳಿಯೂ ಹೆಚ್ಚಿಗೆ ಇರುವುದಿಲ್ಲ. ಸೈಕಲ್ ತೆಗೆದುಕೊಂಡು ಪಕ್ಕದ ಊರುಗಳಲ್ಲಿ ಕೇಳಿಬರುತ್ತೇನೆಂದು ಅವರು ಟೈರಿಗೆ ಗಾಳಿ ಹೊಡೆಯತೊಡಗಿದರು.

ನಾನು ಹುಳುವಿನ ಕೋಣೆಯೊಳಗೆ ಹೋಗಲಾರದೆ ಬಾಗಿಲಲ್ಲಿ ನಿಂತೆ. ಉಳಿದ ಇಪ್ಪತ್ತಾರು ತಟ್ಟೆಗಳಲ್ಲಿ ಸೊಪ್ಪೆಲ್ಲ ಮುಗಿದು ಬರೀ ದಂಟು ಉಳಿದಿತ್ತು. ಹುಳುಗಳು ದಂಟಿನ ಮೇಲೆ ಹತ್ತಿ, ಮೈಯ ಅರ್ಧ ಭಾಗ ಮೇಲಕ್ಕೆತ್ತಿ, ತಲೆಯನ್ನು ಆ ಕಡೆ ಈ ಕಡೆ ತಿರುಗಿಸುತ್ತಾ ಎಲೆಗಾಗಿ ಹುಡುಕುತ್ತಿದ್ದವು. ಸಾವಿರಾರು ಹುಳು, ಎಲ್ಲವೂ ಹಾಗೇ. ನೂರು ಗಜ ಆಚೆ ಒಳ್ಳೆಯ ಸೊಪ್ಪು ಗಿಡದಲ್ಲೇ ಇತ್ತು. ಅದು ಒಳ್ಳೆಯದೆಂದು ಗೊತ್ತಿದ್ದದ್ದು ನನಗೊಬ್ಬಳಿಗೇ.

“ಅಕ್ಕ, ಸೊಪ್ಪಲ್ಲಿ ಏನೂ ಇಲ್ಲ. ನನ್ನ ಟವೆಲ್ಲಲ್ಲಿ ಇತ್ತು,” ಎಂದೆ.

ಚೌಡಮ್ಮ ತಿರುಗಿ ನೋಡಿದರು. ತಿಗಣೆ, ಪುಡಿ, ಬುಟ್ಟಿ ಸಿಗದೆ ಹೋದದ್ದು ಎಲ್ಲವನ್ನೂ ಹೇಳಿದೆ. ಟವೆಲ್ ತಂದು ತೋರಿಸಿದೆ. ನಾರಾಯಣಪ್ಪ ಸೈಕಲ್ ಪಂಪು ಕೆಳಗಿಟ್ಟು ಬಂದರು. ಹೆಂಡತಿಯ ಹತ್ತಿರ ತೆಲುಗಿನಲ್ಲಿ ಏನೋ ಕೇಳಿದರು. ಆಮೇಲೆ ನನ್ನ ಕಡೆ ನೋಡಿ, “ನೀನು ಓದ್ತಿರೋದು ಹುಳಗಳ ಬಗ್ಗೇನೇ ಅಲ್ವೇನಮ್ಮ?” ಎಂದರು. ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದೆನೋ ಏನೋ. ಅವರು ನಿಜವಾಗಿಯೂ ಅರ್ಥವಾಗದೆ ಕೇಳಿದ್ದರು. ನಾನು ಅಳುತ್ತಾ ಹೌದೆಂದೆ.

“ಅದೆಲ್ಲಾ ಆಮೇಲೆ,” ಎಂದರು ಚೌಡಮ್ಮ. “ಹುಳ ತಲೆ ಎತ್ತೈತೆ. ಮೊದ್ಲು ಸೊಪ್ಪು.”

ಆದರೆ ನನ್ನ ಮಾತನ್ನು ಅವರು ಹಾಗೇ ನಂಬಿಬಿಡಲಿಲ್ಲ. ಗಂಡನಿಗೆ ತೋಪಿನ ಪಕ್ಕದ ಸಾಲಿನಿಂದಲೇ ಒಂದು ಹಿಡಿ ಸೊಪ್ಪು ತರಲು ಹೇಳಿದರು. ಬೇರೆ ಒಂದು ಮೊರದಲ್ಲಿ ಹತ್ತು ಹುಳು ಬಿಟ್ಟು ಆ ಸೊಪ್ಪು ಹಾಕಿದರು. ಇನ್ನೊಂದು ಮೊರದಲ್ಲಿ ಹತ್ತು ಹುಳು ಬಿಟ್ಟು, ಅದೇ ಸೊಪ್ಪಿನ ನಾಲ್ಕು ಎಲೆಯನ್ನು ನನ್ನ ಟವೆಲ್ಲಿಗೆ ಒರೆಸಿ ಹಾಕಿ, ಆ ಮೊರವನ್ನು ದೂರದಲ್ಲಿಟ್ಟರು. ಮೂವರೂ ಕೂತು ನೋಡಿದೆವು. ಮೊದಲ ಮೊರದ ಹುಳುಗಳು ಎಲೆಯನ್ನು ಅಂಚಿನಿಂದ ಕತ್ತರಿಸಿ ತಿಂದು ಮುಗಿಸಿದವು. ಎರಡನೆಯದರಲ್ಲಿ ಸ್ವಲ್ಪ ಹೊತ್ತಿಗೆಲ್ಲಾ ಒಂದು ಹುಳು ತಲೆ ಆಡಿಸತೊಡಗಿತು, ಆಮೇಲೆ ಇನ್ನೊಂದು.

“ಈಗ ಸರಿ,” ಎಂದು ಚೌಡಮ್ಮ ಎದ್ದರು. ನನ್ನನ್ನು ಬಚ್ಚಲಿಗೆ ಕಳಿಸಿ ಸೀಗೆಪುಡಿ ಹಾಕಿ ತಲೆಗೆ ಸ್ನಾನ ಮಾಡಿಸಿದರು. ನನ್ನ ಬಟ್ಟೆಯನ್ನು ಮುಟ್ಟಗೊಡದೆ ತಮ್ಮ ಒಂದು ಹಳೆಯ ಸೀರೆ ಕೊಟ್ಟರು. ಉಟ್ಟು ಹೊರಗೆ ಬಂದಾಗ ನನ್ನ ಎರಡೂ ಕೈ ಹಿಡಿದು ಮೂಗಿನ ಹತ್ತಿರ ತಂದು ವಾಸನೆ ನೋಡಿದರು. “ಬಾ, ಸೊಪ್ಪು ಕೊಯ್ಯೋಕೆ ಜನ ಸಾಲ್ದು,” ಎಂದರು. ಇನ್ನು ಮನೆಯೊಳಗೇ ಸೇರಿಸುವುದಿಲ್ಲವೆಂದು ನಾನು ಅಂದುಕೊಂಡಿದ್ದೆ.

ತೋಟಕ್ಕೆ ಹೋದಾಗ ಮುನಿವೆಂಕಟಪ್ಪನವರು ಅಲ್ಲೇ ಇದ್ದರು. ನಾರಾಯಣಪ್ಪ ಹೋಗಿ, “ತಪ್ಪಾಯ್ತಣ್ಣ, ನಿಮ್ದೇನೂ ಇಲ್ಲ,” ಎಂದರು. ಯಾರದೆಂದು ಹೇಳಲಿಲ್ಲ. ನಾನೇ ಮುಂದೆ ಹೋಗಿ ಹೇಳಿದೆ. ಅವರು ನನ್ನನ್ನು ಒಮ್ಮೆ, ನಾನು ಉಟ್ಟಿದ್ದ ಚೌಡಮ್ಮನ ಸೀರೆಯನ್ನು ಒಮ್ಮೆ ನೋಡಿದರು. “ಬಿಸ್ಲು ಏರ್ತಾ ಐತೆ, ಸೊಪ್ಪು ಬಾಡೋಗ್ತದೆ. ಬೇಗ ಕೊಯ್ಕೊಳ್ರಿ,” ಎಂದಷ್ಟೇ ಹೇಳಿ ತಾವೂ ಒಂದು ಸಾಲು ಹಿಡಿದರು. ನಾಲ್ವರೂ ಸೇರಿ ಕೊಯ್ದೆವು.

ಸತ್ತ ನಾಲ್ಕು ತಟ್ಟೆ ಹುಳುವನ್ನು ಗುಂಡಿ ತೋಡಿ ಹೂತೆವು. ಉಳಿದವು ಮೂರ್ನಾಲ್ಕು ದಿನದಲ್ಲಿ ಹಣ್ಣಾಗಿ, ಅಂದರೆ ತಿನ್ನುವುದು ನಿಲ್ಲಿಸಿ ಮೈ ಹಳದಿಗೆ ತಿರುಗಿ, ಗೂಡು ಕಟ್ಟಿದವು.

ಹಣ್ಣಾದ ಹುಳುಗಳನ್ನು ಆರಿಸಿ ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡುತ್ತಿದ್ದ ದಿನ ಚೌಡಮ್ಮ ಆ ಮಾತು ಎತ್ತಿದರು. ಅಲ್ಲಿಯವರೆಗೆ ಒಂದು ಸಲವೂ ಎತ್ತಿರಲಿಲ್ಲ.

“ನೀನು ಹೇಳ್ದೆ ಇದ್ದಿದ್ರೆ ನಮ್ಗೆ ಗೊತ್ತಾಗ್ತಾನೇ ಇರ್ಲಿಲ್ಲ ಅಮ್ಮಾಯಿ. ಯಾಕೆ ಹೇಳ್ದೆ?”

“ಹುಳ ಹಸ್ಕೊಂಡಿತ್ತಲ್ಲ ಅಕ್ಕ.”

“ಆಯಪ್ಪನ್ನ ಬೈತಿದ್ದಾಗ ಯಾಕೆ ಹೇಳ್ಲಿಲ್ಲ?”

ನಾನು ತಲೆ ತಗ್ಗಿಸಿ ಹುಳು ಆರಿಸುತ್ತಲೇ ಇದ್ದೆ. ಅವರು ಉತ್ತರಕ್ಕೆ ಕಾಯಲಿಲ್ಲ. ಚಂದ್ರಿಕೆಯನ್ನು ನನ್ನ ಕಡೆ ಸರಿಸಿ, “ಆ ಮೂಲೆಗೂ ನಾಲ್ಕ್ ಹುಳ ಬಿಡು,” ಎಂದರು.

ಬೆಂಗಳೂರಿಗೆ ಹೋಗಿ ಪ್ರೊಫೆಸರರಿಗೆ ನಡೆದದ್ದನ್ನು ನಡೆದಂತೆ ಬರೆದುಕೊಟ್ಟೆ. ಅವರಿಗೆ ಬಹಳ ಕೋಪ ಬಂತು. ನೆರಳು ಬಿಸಿಲಿನ ಹೋಲಿಕೆ ಪೂರ್ತಿಯಾಗದ ಕಾರಣ ಆ ವರ್ಷ ನನಗೆ ಪ್ರಮಾಣಪತ್ರ ಸಿಗಲಿಲ್ಲ. ಆದರೆ ಎರಡು ಮೊರದ ಪುಟಕ್ಕೆ ಬಂದಾಗ ಓದುವುದನ್ನು ನಿಲ್ಲಿಸಿ, “ಇದನ್ನ ಯೋಚನೆ ಮಾಡಿದ್ದು ಯಾರು?” ಎಂದು ಕೇಳಿದರು. ಚೌಡಮ್ಮನವರೆಂದೆ. “ಮತ್ತೆ ಅವರ ಹೆಸರು ಎಲ್ಲಿ? ಬರಿ,” ಎಂದು ವರದಿಯನ್ನು ನನ್ನ ಕಡೆಗೆ ತಳ್ಳಿದರು. ಅಲ್ಲೇ ನಿಂತು ಬರೆದೆ.

ಮುಂದೆ ನಾನು ಪಿಎಚ್.ಡಿ. ಮಾಡಲಿಲ್ಲ. ಕೋಲಾರದಲ್ಲಿ ಹೈಸ್ಕೂಲು ಮೇಡಂ ಆಗಿ ನಿವೃತ್ತಿಯಾದೆ. ಈ ಸಂಗತಿಯನ್ನು ಕೆಲವರಿಗೆ ಹೇಳಿದ್ದೇನೆ. ಕೇಳಿದವರೆಲ್ಲ ನಾನು ಧೈರ್ಯವಾಗಿ ನಿಜ ಹೇಳಿದೆನೆಂದು ಮೆಚ್ಚಿಕೊಳ್ಳುತ್ತಾರೆ. ಅವರು ಹಾಗೆ ಹೇಳುವಾಗಲೆಲ್ಲ ನನಗೆ ಕಾಣುವುದು ಬಾವಿಯ ಹತ್ತಿರ ಮುನಿವೆಂಕಟಪ್ಪನವರು ತಮ್ಮದಲ್ಲದ ತಪ್ಪಿಗೆ ಉತ್ತರ ಕೊಡುತ್ತಾ ನಿಂತಿದ್ದದ್ದು, ನಾನು ಅವರಿಂದ ನಾಲ್ಕು ಹೆಜ್ಜೆ ದೂರದಲ್ಲಿ ಎಲ್ಲ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದದ್ದು.