ಅರ್ಧ ಗಂಟೆಯ ತಡ

ಬಿಳಿಕಲ್ಲುಹಳ್ಳಿಯಲ್ಲಿ ಕಾಂತಮ್ಮನನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಆಶಾ ಕಾರ್ಯಕರ್ತೆಯಾಗಿ ಹದಿನಾರು ವರ್ಷವಾಯಿತು. ದೊಡ್ಡವರು ಚಿಕ್ಕವರು ಎನ್ನದೆ ಎಲ್ಲರಿಗೂ ಅವಳು ಆಶಕ್ಕ. ದೇವನೂರು ಕಡೆಯಿಂದ ಅಜ್ಜಂಪುರದ ಈ ಸೀಮೆಗೆ ಮದುವೆಯಾಗಿ ಬಂದ ಹೊಸತರಲ್ಲಿ ಇಲ್ಲಿನ ಹೆಂಗಸರು ಹೆರುತ್ತಿದ್ದುದು ನಡುಮನೆಯ ಮೂಲೆಯಲ್ಲಿ, ಗೋಣಿತಾಟಿನ ಮೇಲೆ. ಕಾಂತಮ್ಮನ ಮೊದಲ ಮಗುವೂ ಹಾಗೇ ಹುಟ್ಟಿ ಮೂರನೇ ದಿನ ಹೋಯಿತು. ಎರಡನೆಯದಕ್ಕೆ ಅವಳು ಅತ್ತೆಯ ಮಾತು ಮೀರಿ, ಹಠ ಹಿಡಿದು ಆಸ್ಪತ್ರೆಗೆ ಹೋದಳು. ಆ ಹಠವೇ ಮುಂದೆ ಅವಳ ಕೆಲಸವಾಯಿತು.

ಮನೆಮನೆಯ ಜಗಲಿಯಲ್ಲಿ ಕೂತು ಎಷ್ಟು ಅತ್ತೆಯಂದಿರ ಬೈಗುಳ ತಿಂದಿದ್ದಾಳೋ ಲೆಕ್ಕವಿಲ್ಲ. "ಅಲ್ಲೇನು ಹುಲಿ ಐತೇನವ್ವ? ನಾನು ಜೊತೇಲಿರ್ತೀನಿ. ನನ್ನ ಮುಖ ನೋಡಿ ಕಳಿಸಿ" ಎನ್ನುವಳು. ಅವಳ ಮುಖ ನೋಡಿಯೇ ಕಳಿಸಿದರು. ಊರಲ್ಲಿ ಮನೆಹೆರಿಗೆ ನಿಂತು ಹನ್ನೆರಡು ವರ್ಷವಾಯಿತು. ಬಸುರಿಯನ್ನು ಗಾಡಿ ಹತ್ತಿಸುವ ಮುಂಚೆ ಹಣೆಗೆ ದೇವಿ ಅಂತರಗಟ್ಟಮ್ಮನ ಭಂಡಾರದ ಅರಿಶಿನ ಹಚ್ಚುವಳು, ಕ್ಯಾಲೆಂಡರಿನಲ್ಲಿ ಹೊತ್ತು ನೋಡುವಳು. ಇವೆರಡನ್ನು ಅವಳಿಗೆ ಯಾರೂ ಟ್ರೈನಿಂಗಿನಲ್ಲಿ ಕಲಿಸಿರಲಿಲ್ಲ, ಯಾರೂ ಬಿಡಿಸಿರಲೂ ಇಲ್ಲ.

ಕಳೆದ ಕಾರ್ತೀಕದ ಒಂದು ಶುಕ್ರವಾರ ಹುಲಿಯಮ್ಮನ ಸೊಸೆ ನಯನಳಿಗೆ ನೋವು ಕಾಣಿಸಿತು. ಇಪ್ಪತ್ತೆರಡರ ಹುಡುಗಿ, ಚೊಚ್ಚಲು. ಒಂದು ವಾರದ ಹಿಂದೆಯೇ ಕಾಂತಮ್ಮ ಅವಳ ಬಟ್ಟೆಯ ಚೀಲ ಕಟ್ಟಿಸಿ ಇಟ್ಟಿದ್ದಳು. ಆಂಬುಲೆನ್ಸಿಗೆ ಫೋನು ಮಾಡಿದರೆ ಅದು ಬೇರೆ ಕಡೆ ಹೋಗಿತ್ತು. ಈರುಳ್ಳಿ ಹೊರುವ ತನ್ನ ಲಗೇಜ್ ಆಟೋವನ್ನೇ ನಯನಳ ಗಂಡ ತಿಪ್ಪೇಶ ಮನೆ ಮುಂದೆ ತಂದು ನಿಲ್ಲಿಸಿದಾಗ ಹನ್ನೊಂದೂವರೆ.

"ಹತ್ತಿಸ್ಲಾ ಆಶಕ್ಕ?"

ಕಾಂತಮ್ಮ ಗೋಡೆಯ ಗಡಿಯಾರ ನೋಡಿದಳು. ನೋವು ಇನ್ನೂ ಬಿಟ್ಟುಬಿಟ್ಟು ಬರುತ್ತಿತ್ತು. ಹುಡುಗಿ ನಗುತ್ತಲೇ ಗೋಡೆ ಹಿಡಿದು ಓಡಾಡುತ್ತಿದ್ದಳು. "ಹನ್ನೆರಡರ ತನಕ ರಾಹುಕಾಲ ಕಣಪ್ಪ. ಅರ್ಧ ಗಂಟೆ ತಡಿ, ಹೊಲ್ಟುಬಿಡಾನ" ಅಂದಳು. ಹುಲಿಯಮ್ಮನೂ ಹೂಂ ಅಂದಳು. ನಯನ ಮಾತ್ರ, "ಮಗೀಗೆ ರಾಹುಕಾಲ ಗೊತ್ತೇನತ್ತೆ? ಅದು ಈಗ್ಲೇ ಬತ್ತೀನಿ ಅಂತ ಒದೀತೈತೆ" ಎಂದು ಅತ್ತೆಯನ್ನು ರೇಗಿಸಿದಳು.

ಹನ್ನೆರಡಕ್ಕೆ ಹೊರಟರು. ಹನ್ನೆರಡು ನಲವತ್ತಕ್ಕೆ ಹೋಬಳಿಯ ಹೆರಿಗೆ ಆಸ್ಪತ್ರೆಯಲ್ಲಿದ್ದರು. ಡಾಕ್ಟರು ಇರಲಿಲ್ಲ. ಮೀಟಿಂಗಿಗೆ ಹೋಗಿದ್ದಾರೆ ಅಂದರು. ಡ್ಯೂಟಿ ನರ್ಸು ಕೇಸ್ ಶೀಟು ತೆಗೆದು, "ನೋವು ಶುರುವಾಗಿ ಎಷ್ಟೊತ್ತಾಯ್ತು? ಈಗ ಬರ್ತಿದೀರಲ್ಲ" ಅಂದಾಗ ಕಾಂತಮ್ಮ ಇದ್ದದ್ದನ್ನು ಇದ್ದಂತೆ ಹೇಳಿದಳು: "ರಾಹುಕಾಲ ಕಳೀಲಿ ಅಂತ ಅರ್ಧ ಗಂಟೆ ನಿಂತ್ವಿ ಸಿಸ್ಟರ್." ನರ್ಸು ಅದನ್ನು ಬರೆದುಕೊಂಡಳು.

ಎರಡೂ ಹತ್ತಕ್ಕೆ ಹೆಣ್ಣುಮಗು ಹುಟ್ಟಿತು. ಮಗು ಚೆನ್ನಾಗಿತ್ತು. ತಾಯಿಗೆ ರಕ್ತ ನಿಲ್ಲಲಿಲ್ಲ. ಕಾಂತಮ್ಮ ಹಾಸಿದ ಬಟ್ಟೆ ತೆಗೆದು ಇನ್ನೊಂದು ಹಾಸಿದಳು, ಅದನ್ನೂ ತೆಗೆದು ತನ್ನ ಸೀರೆಯ ಮೇಲಿನ ಶಾಲು ಹಾಸಿದಳು. ಮೂರು ಸಲ ನರ್ಸಿನ ಕೋಣೆಗೆ ಹೋದಳು.

"ಹೆರಿಗೆ ಅಂದ್ಮೇಲೆ ರಕ್ತ ಹೋಗಲ್ವೇನ್ರೀ? ಇಷ್ಟು ವರ್ಷ ಆಶಾ ಆಗಿದೀರ, ಅಷ್ಟೂ ಗೊತ್ತಿಲ್ವಾ?"

"ಇಷ್ಟು ಹೋಗಲ್ಲ ಸಿಸ್ಟರ್. ಹುಡುಗಿ ತಣ್ಣಗಾಗ್ತಾವ್ಳೆ. ಡಾಕ್ಟ್ರಿಗೊಂದು ಫೋನ್ ಹಾಕಿ."

"ಹಾಕಿದೀನಿ. ಎತ್ತಲ್ಲ ಅಂದ್ರೆ ನಾನೇನು ಮಾಡ್ಲಿ?"

ನರ್ಸಿನ ದನಿಯಲ್ಲೂ ಅಳು ಇತ್ತು. ಆ ದಿನ ಇಡೀ ಆಸ್ಪತ್ರೆಗೆ ಅವಳೊಬ್ಬಳೇ. ಇಂಜೆಕ್ಷನ್ ಒಂದು ಕೊಟ್ಟಳು, ಎರಡನೆಯದು ಸ್ಟಾಕಿನಲ್ಲಿರಲಿಲ್ಲ. ಐದೂ ನಲವತ್ತಕ್ಕೆ ಯಾರೋ ಫೋನಿನಲ್ಲಿ ಹೇಳಿದ ಮೇಲೆ, ಶಿವಮೊಗ್ಗಕ್ಕೆ ರೆಫರ್ ಎಂದು ಚೀಟಿ ಬರೆದಳು. ತರೀಕೆರೆ ಬಸ್‌ಸ್ಟ್ಯಾಂಡು ದಾಟುವ ಹೊತ್ತಿಗೆ ನಯನ "ಆಶಕ್ಕ, ಕಾಲು ಎಲ್ಲೈತೆ ಅಂತ ಗೊತ್ತಾಯ್ತಿಲ್ಲ" ಅಂದಳು. ಆಮೇಲೆ ಮಾತಾಡಲಿಲ್ಲ.

ಆ ವರ್ಷ ಅದೇ ಆಸ್ಪತ್ರೆಯ ಬಾಣಂತಿಯರಲ್ಲಿ ಇದು ಮೂರನೆಯ ಸಾವು. ಮಾರನೆಯ ದಿನ ಜನ ರಸ್ತೆಗೆ ಇಳಿದರು. ಕಡೂರಿನಿಂದ, ತರೀಕೆರೆಯಿಂದ ಹೋರಾಟದ ಸಂಘದವರು ಬಂದರು. ಯಾರೂ ಕರೆಯದೆ ಬಂದ ಹೆಂಗಸರೇ ಹೆಚ್ಚು. "ನನ್ನ ಮಗಳನ್ನ ನೆಲದ ಮೇಲೆ ಹೆರಿಸಿದ್ರು ಕಣ್ರೀ," ಎಂದು ಒಬ್ಬಳು. "ಒಳಗೆ ಹೋದ್ರೆ ಬೈತಾರೆ, ಹೊರಗೆ ಬಂದ್ರೆ ಕೈಚಾಚ್ತಾರೆ" ಎಂದು ಇನ್ನೊಬ್ಬಳು. ಕಾಂತಮ್ಮ ಗುಂಪಿನ ಹಿಂದೆ ನಿಂತು ಕೇಳಿಸಿಕೊಂಡಳು. ಆ ಹೆಂಗಸರಲ್ಲಿ ನಾಲ್ಕೈದು ಜನರನ್ನು ಅವಳೇ ಒಂದು ದಿನ ಈ ಬಾಗಿಲು ದಾಟಿಸಿದ್ದಳು.

ತನಿಖೆ ಅಂತ ಆಯಿತು. ಕಾಂತಮ್ಮನನ್ನು ಹೇಳಿಕೆಗೆ ಕರೆದಿದ್ದ ಹಿಂದಿನ ದಿನ ಸಂಘದ ಪ್ರಕಾಶ ಮನೆಗೆ ಬಂದ. ಊರಿನವನೇ, ಒಳ್ಳೆಯ ಹುಡುಗ.

"ಆಶಕ್ಕ, ಕೇಸ್ ಶೀಟ್ ನೋಡ್ದೆ. ಡಾಕ್ಟ್ರಿಗೆ ಯಾವಾಗ ಫೋನ್ ಮಾಡಿದ್ರು, ಇಂಜೆಕ್ಷನ್ ಎಷ್ಟೊತ್ತಿಗೆ ಕೊಟ್ರು, ಒಂದಕ್ಕೂ ಟೈಮಿಲ್ಲ. ಟೈಮ್ ಹಾಕಿ ಬರ್ದಿರೋದು ಒಂದೇ ಸಾಲು. ರಾಹುಕಾಲದ್ದು."

"ಅದು ನಾನು ಹೇಳಿದ್ದು ಕಣಪ್ಪ."

"ಹೇಳಿಲ್ಲ ಅನ್ನು. ಸಿಸ್ಟರ್ ಆಮೇಲೆ ಸೇರಿಸವ್ರೆ ಅನ್ನು. ಒಂದು ಮಾತು. ಆ ಅರ್ಧ ಗಂಟೆ ಹಿಡ್ಕಂಡು ಅವರೆಲ್ಲ ಪಾರಾಗ್ತಾರೆ, ನೋಡ್ತಿರು."

ಕಾಂತಮ್ಮ ಮಾತು ಕೊಡಲಿಲ್ಲ. ಅವನು ಹೋದ ಮೇಲೆ ದೇವರ ಗೂಡಿನ ಮುಂದೆ ಕೂತಳು. ಹೆರಿಗೆ ಆಗಿದ್ದು ಆಸ್ಪತ್ರೆಗೆ ಹೋಗಿ ಒಂದೂವರೆ ಗಂಟೆಯ ಮೇಲೆ. ಅರ್ಧ ಗಂಟೆ ಮುಂಚೆ ಹೋಗಿದ್ದರೆ ನಯನ ಅಷ್ಟೇ ಹೊತ್ತು ಹೆಚ್ಚಿಗೆ ಅದೇ ಮಂಚದ ಮೇಲೆ ಮಲಗಿರುತ್ತಿದ್ದಳು. ಇದು ಕಾಂತಮ್ಮನ ಬುದ್ಧಿಗೆ ಗೊತ್ತು. ಆದರೂ ಕಾಯಿಸಿದವಳು ತಾನು. ಅಂತರಗಟ್ಟಮ್ಮನ ಭಂಡಾರ ಹಚ್ಚಿ ಕಾಯಿಸಿ, ಈಗ ಅಮ್ಮನ ಮುಂದೆ ಕಾಯಿಸಲಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಎರಡನ್ನೂ ಹೇಳುತ್ತೇನೆ ಎಂದುಕೊಂಡಳು. ಮನೆಯ ಅರ್ಧ ಗಂಟೆಯನ್ನೂ, ಆಸ್ಪತ್ರೆಯ ಐದು ಗಂಟೆಯನ್ನೂ. ನಿಜ ಪೂರ್ತಿ ಹೇಳಿದರೆ ಕೇಳುವವರು ತೂಕ ಹಾಕದೆ ಇರುತ್ತಾರೆಯೇ?

ಮಾರನೆಯ ದಿನ ಮೇಜಿನ ಆ ಕಡೆ ತನಿಖೆಯ ಸಾಹೇಬರು, ಪಕ್ಕದಲ್ಲಿ ಬರೆದುಕೊಳ್ಳಲು ಗುಮಾಸ್ತ ಶಿವಕುಮಾರ್. ಫಾರಂನಲ್ಲಿ ಮೂರು ಚೌಕ. ತಡ ಒಂದು, ಮನೆಯಲ್ಲಿ. ತಡ ಎರಡು, ದಾರಿಯಲ್ಲಿ. ತಡ ಮೂರು, ಆಸ್ಪತ್ರೆಯಲ್ಲಿ.

"ಮನೇಲಿ ತಡ ಆಯ್ತಾಮ್ಮ?"

"ಆಯ್ತು ಸಾರ್. ಅರ್ಧ ಗಂಟೆ. ಕಾಯಿ ಅಂದೋಳು ನಾನೇ."

ಸಾಹೇಬರ ಮುಖ ಹಗುರಾಯಿತು. "ನೋಡ್ರೀ, ಎಷ್ಟು ಪ್ರಾಮಾಣಿಕವಾಗಿ ಹೇಳ್ತಾರೆ. ಬರ್ಕೊಳ್ಳಿ ಶಿವಕುಮಾರ್." ಅವನು ಅರ್ಧ ಪುಟ ಬರೆದ. ಮೂಢನಂಬಿಕೆ ಎಂಬ ಪದ ಎರಡು ಕಡೆ ಬಂತು.

"ಆಸ್ಪತ್ರೇಲಿ ಐದು ಗಂಟೆ ತಡ ಆಯ್ತು ಸಾರ್."

"ಅದನ್ನ ಡಾಕ್ಟರ ಹೇಳಿಕೆ ನೋಡಿ ನಾವು ತುಂಬ್ತೀವಿ. ನೀವು ಇಲ್ಲೊಂದು ಸಹಿ ಹಾಕಿ."

ಕಾಂತಮ್ಮ ಪೆನ್ನು ಈಸಿಕೊಂಡಳು. ಸಹಿ ಹಾಕಲಿಲ್ಲ. ಫಾರಂ ತನ್ನ ಕಡೆ ತಿರುಗಿಸಿಕೊಂಡು ಮೂರನೆಯ ಚೌಕದಲ್ಲಿ ದುಂಡಗೆ ಬರೆದಳು: ಮಧ್ಯಾಹ್ನ 12.40ರಿಂದ ಸಂಜೆ 5.40. ಡಾಕ್ಟರು ಬರಲಿಲ್ಲ. ರಕ್ತ ಹೋಗುತ್ತಿದೆ ಎಂದು ಮೂರು ಸಲ ಹೇಳಿದೆ. ಎರಡನೇ ಇಂಜೆಕ್ಷನ್ ಇರಲಿಲ್ಲ.

"ಏನಮ್ಮಾ ಇದು! ನೀವು ಬರೆಯೋ ಜಾಗ ಅಲ್ಲ ಅದು!"

"ಖಾಲಿ ಇತ್ತಲ್ಲ ಸಾರ್" ಎಂದು, ಅದರ ಕೆಳಗೇ ಸಹಿ ಹಾಕಿ ಎದ್ದುಬಂದಳು. ಬಸ್ಸಿನಲ್ಲಿ ಕೂತ ಮೇಲೆ ಅವಳ ಮನಸ್ಸು ಹಗುರಾಯಿತು. ತನ್ನ ಕೈಬರಹ, ತನ್ನ ಸಹಿ. ಇನ್ನು ಅಳಿಸುವವರು ಯಾರು ಎಂದುಕೊಂಡಳು.

ಎರಡು ತಿಂಗಳ ಮೇಲೆ ಲಕೋಟೆ ಬಂತು. ಒಳಗೆ ಟೈಪ್ ಮಾಡಿದ ನಕಲು. ತಡ ಒಂದು: ಮೂಢನಂಬಿಕೆಯಿಂದ ಮನೆಯಲ್ಲಿ ವಿಳಂಬ, ಆಶಾ ಕಾರ್ಯಕರ್ತೆಯ ಸಲಹೆಯ ಮೇರೆಗೆ. ತಡ ಎರಡು: ಇಲ್ಲ. ತಡ ಮೂರು: ಅನ್ವಯಿಸುವುದಿಲ್ಲ. ಕೆಳಗೆ ಅವಳ ಹೆಸರು, ಹೆಸರಿನ ಮುಂದೆ 'ಸಹಿ ಇದೆ' ಎಂದು ಅಚ್ಚು. ಅವಳು ಬರೆದ ಕಾಗದ ಯಾವ ಫೈಲಿನಲ್ಲಿದೆಯೋ, ಇದೆಯೋ ಇಲ್ಲವೋ. ಜೊತೆಗೆ, ನಿಮ್ಮನ್ನು ಕೆಲಸದಿಂದ ಏಕೆ ತೆಗೆಯಬಾರದು ಎಂಬ ನೋಟೀಸು.

ಅಂಚೆಯವನಿಂದ ಸುದ್ದಿ ತಿಳಿದು ಹುಲಿಯಮ್ಮ ಮೊಮ್ಮಗಳನ್ನು ಹೆಗಲಿಗೆ ಹಾಕಿಕೊಂಡು ಬಂದಳು. ಜಗಲಿಗೆ ಹತ್ತಲಿಲ್ಲ.

"ಏನಂತ ಬರ್ದವ್ರೆ? ಓದು."

ಕಾಂತಮ್ಮ ಒಂದು ಅಕ್ಷರ ಬಿಡದೆ ಓದಿದಳು. ಹುಲಿಯಮ್ಮ ಪೂರ್ತಿ ಕೇಳಿ, "ಐದು ಗಂಟೆದು ಎಲ್ಲಿ?" ಅಂದಳು.

"ಇಲ್ಲ."

"ನೀನು ಹೇಳಿದ್ಯಲ್ಲ?"

"ಹೇಳ್ದೆ. ಬರ್ದೂ ಬಂದಿದ್ದೆ."

ಹುಲಿಯಮ್ಮ ಮಗುವಿನ ತಲೆಯ ಮೇಲೆ ಸೆರಗು ಎಳೆದಳು. "ನಿನ್ ನಿಜ ನಿನ್ ದೇವ್ರಿಗೆ ಸಾಕಾಯ್ತು ಬಿಡು. ನಮ್ಮ ಮನೆ ಹೆಣ್ಣು ನಮ್ಮಿಂದ್ಲೇ ಸತ್ಲು ಅಂತ ಸರ್ಕಾರ್ದಾಗೆ ಅಚ್ಚಾತು. ಈ ಮಗು ದೊಡ್ಡೋಳಾಗಿ ಓದೋದು ಕಲೀತದೆ ಕಣೇ. ಅವಾಗ ಏನು ಹೇಳ್ತಿ?"

ಕಾಂತಮ್ಮ ಕಾಗದ ಮಡಚಿ ಲಕೋಟೆಗೆ ಹಾಕಿದಳು. ಮಗು ಅವಳ ಕಡೆ ತಿರುಗಿ ಬಾಯಲ್ಲಿ ಗುಳ್ಳೆ ಮಾಡಿತು. ಅವಳು ಅಭ್ಯಾಸಬಲದಿಂದ ವಾರ ಎಣಿಸಿದಳು.

"ನಾಳೆಗೆ ಎರಡೂವರೆ ತಿಂಗಳು ತುಂಬ್ತದೆ ಹುಲಿಯಮ್ಮಕ್ಕ. ಸೂಜಿ ಹಾಕಿಸ್ಬೇಕು."

"ಎಲ್ಲಿ? ಅಲ್ಲಿಗೇ?"

"ಅಲ್ಲಿಗೇ. ಬೇರೆ ಎಲ್ಲೈತೆ?"

ಹುಲಿಯಮ್ಮ ಮಗುವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದಳು. ನೆಲಕ್ಕೆ ಒಮ್ಮೆ ಉಗಿದಳು. ಆಮೇಲೆ, "ಎಷ್ಟೊತ್ತಿಗೆ ಹೋಗ್ಬೇಕು?" ಎಂದು ಕೇಳಿದಳು.

"ಒಂಬತ್ತಕ್ಕೆ ಬಾಗ್ಲು ತೆಗೀತಾರೆ" ಅಂದಳು ಕಾಂತಮ್ಮ. "ಒಳಗೆ ಯಾರು ಇರ್ತಾರೋ ನಂಗೊತ್ತಿಲ್ಲ."